ಅತ್ತೆ ಪ್ಯಾನ್ ಹಿಡಿದು ನಿಂತಾಗ

ಅಂಜನಾಪುರದ ಕಡೆಯಿಂದ ಬರುವ ರಸ್ತೆಯಲ್ಲಿ ಮೆಕ್ಕೆಜೋಳ ಹರವಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಶಿಕಾರಿಪುರಕ್ಕೆ ವಾಪಸು ಬರುತ್ತಿದ್ದೆ, ಸ್ಕೂಟರ್ ಕಾಳಿನ ಮೇಲೆ ಜಾರಿತು. ಏಳಲಿಕ್ಕೆ ಆಗಲಿಲ್ಲ. ಸೀರೆ ಮೊಣಕಾಲಿನ ಮೇಲಕ್ಕೆ ಸರಿದಿತ್ತು, ಗಂಡಸರು ಓಡಿ ಬರುತ್ತಿದ್ದರು. ನೋವು ಗೊತ್ತಾಗುವುದಕ್ಕೂ ಮೊದಲು ನನ್ನ ಕೈ ನೆರಿಗೆ ಎಳೆದುಕೊಳ್ಳುತ್ತಿತ್ತು.

ಸೊಂಟದ ಕೆಳಗೆ ಬಳೆಯ ಹಾಗಿರುವ ಎಲುಬಿನಲ್ಲಿ, ಮುಂಭಾಗಕ್ಕೆ ಬಿರುಕು ಬಿದ್ದಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು, "ಎಲುಬು ಜರುಗಿಲ್ಲ, ಆಪರೇಷನ್ ಬೇಡ. ಮೊದಲು ಮಲಗಿರ್ಲಿ, ಆಮೇಲೆ ವಾಕರ್ ಹಿಡಿದು ನಡೀಲಿ" ಅಂದರು.

"ಪ್ಲೇಟ್ ಹಾಕಿದ್ರೆ ಬೇಗ ಏಳ್ತಾಳಲ್ರೀ?" ಎಂದು ನನ್ನ ಗಂಡ ಕೇಳಿದರು.

"ತೊಡೆ ಎಲುಬು ಕೀಲಿನ ಹತ್ರ ಮುರಿದಿದ್ರೆ ರಾಡೋ, ಹೊಸ ಕೀಲೋ ಹಾಕಬೇಕಿತ್ತು. ಇದು ತಾನೇ ಕೂಡ್ಕೊಳ್ತದೆ, ಸುಮ್ನೆ ಯಾಕೆ ಕುಯ್ಯೋದು?"

ಗಂಡನ ರಜೆ ಮುಗಿದ ಮೇಲೆ ಅತ್ತೆ ಸೊರಬದಿಂದ ಬಸ್ಸು ಹತ್ತಿ ಬಂದರು. ಮದುವೆಯಾದಾಗಿನಿಂದ ಅವರೆದುರು ನಾನು ಕಾಲು ಚಾಚಿ ಕೂತವಳಲ್ಲ. ಈಗ ಅವರು ಬೆಡ್‌ಪ್ಯಾನ್ ಹಿಡಿದು ಮಂಚದ ಪಕ್ಕ ನಿಂತು, "ಸೊಂಟ ಒಂಚೂರು ಎತ್ತು" ಅನ್ನುತ್ತಿದ್ದರು. ಮೈಯೆಲ್ಲ ಹಿಡಿಯಾಗುತ್ತಿತ್ತು. ಒರೆಸಿ, ಸೀರೆ ಇಳಿಸಿ, ಅವರು ಮಾತಿಲ್ಲದೆ ಹೊರಗೆ ಹೋಗುತ್ತಿದ್ದರು. ಅಸಹ್ಯಕ್ಕೇ ಅವರು ಮಾತಾಡುವುದಿಲ್ಲ ಎಂದುಕೊಂಡೆ.

ಪ್ಯಾನ್ ಕೇಳುವುದು ತಪ್ಪಲೆಂದು ನೀರು ಕುಡಿಯುವುದನ್ನು ಬಿಟ್ಟೆ. ತಂಬಿಗೆಯ ನೀರನ್ನು ಮಲಗಿದಲ್ಲಿಂದಲೇ ಕಿಟಕಿಯಾಚೆ ಚೆಲ್ಲುತ್ತಿದ್ದೆ. ಕೆಲವೇ ದಿನಕ್ಕೆ ಉರಿಮೂತ್ರ, ಚಳಿಜ್ವರ ಬಂತು. ಮತ್ತೆ ಸ್ಟ್ರೆಚರ್, ಮತ್ತೆ ಆಸ್ಪತ್ರೆ.

"ನೀರು ಕುಡೀತಿಲ್ವಾ?" ಡಾಕ್ಟರು ಕೇಳಿದರು.

"ಕುಡೀತಾಳೆ. ತಂಬಿಗೆ ಖಾಲಿಯಾಗಿರ್ತದೆ" ಎಂದು ಅತ್ತೆಯೇ ನನ್ನ ಪರ ನಿಂತರು.

ಸುಳ್ಳು ಹೇಳಲಾಗಲಿಲ್ಲ, ಚೆಲ್ಲಿದ್ದನ್ನು ಹೇಳಿದೆ. ಡಾಕ್ಟರು ಗದರಿದರು: "ಮಲಗಿದೋರು ನೀರು ಕುಡಿಯೋದು ಬಿಟ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ತದೆ. ಎಲುಬು ಕೂಡ್ತದೆ, ಅದಕ್ಕಿಂತ ಇದು ದೊಡ್ಡ ಅಪಾಯ." ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ನನ್ನ ಕೈ ನಿಂಗೆ ಅಸಹ್ಯ ಆಯ್ತನೇ?"

"ಅಯ್ಯೋ, ಇಲ್ಲ ಅತ್ತೆ. ನಾಚಿಕೆ."

"ನಂಗೂ ನಾಚಿಕೇನೇ ಮಾರಾಯ್ತಿ. ಎಂತ ಮಾತಾಡೂದು ಅಂತ ಗೊತ್ತಾಗ್ದೆ ಸುಮ್ನಿರ್ತೀನಿ."

ಅವತ್ತಿನಿಂದ ಅವರು ನೀರು ಕೊಟ್ಟು, ಕುಡಿಯುವವರೆಗೂ ಎದುರಿಗೇ ಕೂರುತ್ತಿದ್ದರು. ಪ್ಯಾನ್ ಇಡುವಾಗ ಅಡಿಕೆ ರೇಟು, ಅಕ್ಕಪಕ್ಕದವರ ಜಗಳ ಏನಾದರೊಂದು ಹೇಳುತ್ತಿದ್ದರು. ನನ್ನ ಸಂಕೋಚವೇನೂ ಕಡಿಮೆಯಾಗಲಿಲ್ಲ. ಹೂಂಗುಟ್ಟುತ್ತಾ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ.

ಡಾಕ್ಟರು ಹೇಳಿದ ಹಾಗೆ ಎಲುಬು ಕೂಡಿತು. ವಾಕರ್ ಬಿಟ್ಟು ನಡೆಯುತ್ತಿದ್ದೇನೆ. ಸೊರಬಕ್ಕೆ ಹೋದಾಗ ನೆಂಟರು, "ಬಿದ್ದಾಗ ಯಾರು ನೋಡ್ಕೊಂಡ್ರು?" ಎಂದು ಕೇಳುತ್ತಾರೆ. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅಡುಗೆಮನೆ ಸೇರಿರುತ್ತೇನೆ. ಒಮ್ಮೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. "ಎಂತ ನೋಡ್ಕಳೂದು, ಮಲಗಿದ್ಲು, ಎದ್ಲು" ಎಂದರು.