ಮೂರು ಬಾರಿ ವಜಾ ಆದ ಸುಟ್ಟ ವಾಸನೆ

ಮಾನ್ಯ ಮಿತ್ರರಲ್ಲಿ ಅರಿಕೆ.

೧. ಪ್ರಯಾಣ: ಈ ದಿನ ಬೆಳಿಗ್ಗೆ, ಕುಣಿಗಲ್‌ನಿಂದ ತುಮಕೂರು ಮಾರ್ಗವಾಗಿ ಗುಬ್ಬಿಗೆ.
೨. ವಾಹನ: ನನ್ನ ಹಳೆಯ ಕಾರು. ಚಾಲಕ: ನಾನೇ.
೩. ಜೊತೆಗಿದ್ದವರು: ನನ್ನ ಧರ್ಮಪತ್ನಿ. ಮಂಡಿನೋವಿನ ಕಾರಣ ಬೇಗ ಇಳಿಯಲಾರರು.

ದಾರಿಯಲ್ಲಿ ರೈತರು ಒಕ್ಕಣೆಗೆಂದು ರಸ್ತೆಯ ಮೇಲೆ ಹುರುಳಿ ಬಳ್ಳಿ ಹರಡಿದ್ದರು. ಅವರಿಗೆ ನೆರವಾಗಲೆಂದು ಅದರ ಮೇಲೆಯೇ ಕಾರು ಓಡಿಸಿದೆನು. ತುಸು ದೂರ ಬಂದ ಮೇಲೆ ಮನೆಯವರು, "ಏನೋ ಸುಟ್ಟ ವಾಸನೆ ಕಣ್ರೀ, ನಿಲ್ಸಿ" ಎಂದರು. "ಯಾರೋ ಹೊಲದಾಗೆ ಕಸ ಸುಡ್ತಾವ್ರೆ, ಸುಮ್ನಿರೇ" ಎಂದು ಸದರಿ ಕೋರಿಕೆಯನ್ನು ವಜಾ ಮಾಡಿದೆನು. ಇನ್ನೆರಡು ಬಾರಿ ಕೇಳಿದರು, ಅವೂ ವಜಾ. ನಾಲ್ಕನೆಯ ಬಾರಿ ಕೇಳಲಿಲ್ಲ. ಮರಳೂರಿನಲ್ಲಿ ಗ್ಯಾರೇಜ್ ಕಂಡೊಡನೆ ಹ್ಯಾಂಡ್‌ಬ್ರೇಕ್ ಎಳೆದೇಬಿಟ್ಟರು.

ಮೆಕ್ಯಾನಿಕ್ ಬಾಬು ಸಾಬರು ಕಾರಿನಡಿ ಬಗ್ಗಿ ನೋಡಿ, "ಮೊದ್ಲು ಅಮ್ಮನ್ನ ಇಳ್ಸಿ ಸಾರ್!" ಎಂದು ಕೂಗಿದರು. ತಾವೇ ಕೈಹಿಡಿದು ಇಳಿಸಿದರು. ಆಮೇಲೆ ಸೈಲೆನ್ಸರ್‌ಗೆ ಸುತ್ತಿಕೊಂಡು ಹೊಗೆಯಾಡುತ್ತಿದ್ದ ಬಳ್ಳಿಯನ್ನು ಕಂಬಿಯಿಂದ ಎಳೆದೆಳೆದು ತೆಗೆದು, ನೀರು ಸುರಿದು ಆರಿಸಿದರು.

"ಇನ್ನೊಂದ್ ಮೈಲಿ ಹೋಗಿದ್ರೆ ಬೆಂಕಿನೇ ಸಾರ್. ಒಕ್ಕಣೆ ಮಾಡಕ್ಕೆ ಟ್ರ್ಯಾಕ್ಟರ್ ಐತಲ್ಲ, ನಿಮಗ್ಯಾಕೆ?"

ಅವರ ಉಪಕಾರಕ್ಕೆ ನಾನು ಚಿರಋಣಿ. ಮನೆಯವರ ಮೂರೂ ಕೋರಿಕೆಗಳನ್ನು ಪೂರ್ವಾನ್ವಯವಾಗುವಂತೆ ಈ ಮೂಲಕ ಮಂಜೂರು ಮಾಡಲಾಗಿದೆ.

ಇಂತಿ, ಪತ್ನೀಸಮೇತ ಕ್ಷೇಮವಾಗಿ ಮನೆ ಸೇರಿದ,
ನಂಜುಂಡಯ್ಯ, ಗುಬ್ಬಿ

ಲಗತ್ತು: ಅರ್ಧ ಸುಟ್ಟ ಬಳ್ಳಿಯ ಫೋಟೋ ಒಂದು. ಅದರದೇ ಒಂದು ಎಳೆಯನ್ನು ಮನೆಯವರು ಸ್ಟಿಯರಿಂಗ್‌ಗೆ ಕಟ್ಟಿದ್ದಾರೆ. ಬಿಚ್ಚುವ ಅಧಿಕಾರ ನನಗಿಲ್ಲ.