ಬರೆದಿದ್ದೇನೆ ಎಂದುಕೊಂಡಿದ್ದ ಸಾಲು

ಕಳೆದ ವರ್ಷ ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಹೊಸತು. ನಾನು ಬ್ರಹ್ಮಾವರದಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಗಾಳಿಯ ಮುನ್ಸೂಚನೆ ಬಂದರೆ ದೋಣಿಯವರ ಮೊಬೈಲಿಗೆ ಸಂದೇಶ ಹೋಗುವಂತೆ ಒಂದು ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ‘ಎಚ್ಚರಿಸು’ ಎಂಬ ಮೆಥಡ್, ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಭಾಗ, ಇತ್ತು. ಅದನ್ನು ಕರೆದು ದೋಣಿಯ ಹೆಸರು, ಬಂದರು ಎರಡನ್ನೂ ಕೊಟ್ಟರೆ ಸಂದೇಶ ಹೋಗುತ್ತದೆ. ಕರೆಯುವುದು ಹೇಗೆಂದು ಒಂದು ಪುಟದ ವಿವರಣೆಯನ್ನೂ ಬರೆದುಕೊಟ್ಟಿದ್ದೆ.

ಅದನ್ನು ಓದಿ ಬಳಕೆಗೆ ತಂದವಳು ಬೈಂದೂರಿನ ನನ್ನ ಹಳೆಯ ವಿದ್ಯಾರ್ಥಿನಿ ಸುಷ್ಮಾ. ಅವಳ ಅಪ್ಪ ಮೀನುಗಾರರು. ಸಂದೇಶ ಬಂದರೆ ದಡದಲ್ಲೇ ಇರುವುದು, ಬಾರದಿದ್ದರೆ ಹೊರಡುವುದು ಎಂದು ದೋಣಿಯವರೆಲ್ಲ ಒಪ್ಪಿದ್ದರು.

ಮೊದಲ ಮುನ್ಸೂಚನೆ ಬಂದ ದಿನ ಮಧ್ಯಾಹ್ನ ಅವಳ ಫೋನ್. “ಹ್ವಾಯ್ ಸರ್, ಎಂತ ಇದು? ಒಂದ್ ದೋಣಿಗೂ ಮೆಸೇಜ್ ಹೋಯ್ಲಿಲ್ಲ. ಗಾಳಿ ಇತ್ತ್ ಅಂದ್ ನಾ ಹೇಳ್ರೆ, ಮೆಸೇಜ್ ಬರ್ಲಿಲ್ಲ ಅಲ್ದಾ ಅಂತ್ರ್ ದೋಣಿಯೋರ್. ಇಂಜಿನ್ ಶುರು ಮಾಡ್ತಾ ಇದ್ರ್!”

“ಕೊಟ್ಟದ್ ಹ್ಯಾಂಗೆ?”

“ಮೊದ್ಲ್ ಬಂದ್ರಿನ ಹೆಸ್ರ್, ಮತ್ತೆ ದೋಣಿದ್.”

“ಮೊದ್ಲ್ ದೋಣಿ ಅಂದೇಳಿ ಬರ್ದಿದ್ದೆ ಕಾಣ್!”

“ಎಲ್ ಬರ್ದಿದ್ರಿ? ‘ದೋಣಿ ಮತ್ತು ಬಂದರಿನ ವಿವರ ಕೊಡಿ’ ಅಂದ್ ಮಾತ್ರ ಇತ್ತ್.”

ಪಕ್ಕದಲ್ಲಿದ್ದ ಅವಳ ಅಪ್ಪ ಫೋನಿಗೆ ಬಾಯಿ ಹಾಕಿದರು. “ಮಾಷ್ಟ್ರೆ, ಒಂದೇ ದೇವ್ರ್ ಹೆಸ್ರಂಗೆ ಹತ್ತ್ ದೋಣಿ ಇತ್ತ್. ಗಂಗೊಳ್ಳಿ ಬಂದ್ರಿದಾ ಕೊಡೇರಿ ಬಂದ್ರಿದಾ ಅಂದ್ ಮೊದ್ಲ್ ಹೇಳ್ದೆ ಹೆಸ್ರ್ ಹೇಳ್ರೆ ಯಾರಿಗ್ ಗೊತ್ತಾತ್ತ್? ಎಷ್ಟ್ ಓದಿದ್ರಿ ನೀವ್!”

ಮೊದಲು ಕೊಟ್ಟದ್ದನ್ನೇ ದೋಣಿಯ ಹೆಸರೆಂದು ತಿಳಿಯುವ ನನ್ನ ಪ್ರೋಗ್ರಾಂ ‘ಕೊಡೇರಿ’ ಎಂಬ ಹೆಸರಿನ ದೋಣಿಯನ್ನು ಹುಡುಕಿ, ಸಿಗದೆ, ಏನೂ ಹೇಳದೆ ಸುಮ್ಮನಾಗಿತ್ತು. ನಾನೇ ಪರೀಕ್ಷಿಸಿದಾಗಲೆಲ್ಲ ದೋಣಿಯನ್ನೇ ಮೊದಲು ಕೊಟ್ಟಿದ್ದರಿಂದ ತಪ್ಪು ಕಂಡಿರಲಿಲ್ಲ.

“ಎರಡೂ ಅದಲ್ಬದಲ್ ಮಾಡಿ ಮೆಥಡ್ ಕರಿ” ಎಂದೆ. ಅರೆನಿಮಿಷದಲ್ಲಿ ಅಲ್ಲಿ ಒಂದರ ಹಿಂದೊಂದು ಮೊಬೈಲ್ ಸದ್ದು ಮಾಡುವುದು ಕೇಳಿಸಿತು. ಆಮೇಲೆ ಇಂಜಿನ್‌ಗಳು ಒಂದೊಂದಾಗಿ ನಿಂತವು. ಸಂಜೆ ಗಾಳಿ ಬಂತು, ಜೋರಾಗಿಯೇ.

ಮರುದಿನವೇ ವಿವರಣೆ ತಿದ್ದಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಉದಾಹರಣೆಯೊಂದಿಗೆ ಬರೆದೆ. ದೋಣಿ ಸಿಗದಿದ್ದರೆ ಮೆಥಡ್ ಸುಮ್ಮನಿರದೆ ತಪ್ಪನ್ನು ತೋರಿಸುವಂತೆ ಮಾಡಿದೆ. ಈಗ ಯಾವ ಪುಟ ಬರೆದರೂ ಬೇರೊಬ್ಬರು ಅದನ್ನಷ್ಟೇ ಓದಿ ಮೆಥಡ್ ಕರೆಯಬೇಕು. ಅಲ್ಲಿಯವರೆಗೆ ನಾನು ಪಕ್ಕದಲ್ಲಿ ಕುಳಿತು ಬಾಯಿ ಬಿಡುವುದಿಲ್ಲ. ಈ ಕ್ರಮ ಕೈಕೊಟ್ಟಿಲ್ಲ.

ಕೈಕೊಟ್ಟದ್ದು ನನ್ನ ನೆನಪು. ‘ಮೊದಲು ದೋಣಿಯ ಹೆಸರು’ ಎಂಬ ಆ ಸಾಲು ಪುಟದ ಎಡಭಾಗದಲ್ಲಿ, ಮೂರನೆಯದಾಗಿ, ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ವಿವರಣೆಯ ಹಳೆಯ ಪ್ರತಿಗಳನ್ನೆಲ್ಲ ತೆರೆದು ನೋಡಿದೆ. ಅದನ್ನು ನಾನು ಬರೆದೇ ಇರಲಿಲ್ಲ.