ಉಜ್ಜಿನಿಗೆ ಹೋದ ಕೆಂಪು ಟವೆಲ್

ಜನ ಬಸ್ಸಿನ ಬೋರ್ಡ್ ಓದಿ ಹತ್ತುತ್ತಾರೆ ಎಂದು ನಂಬಿದವನು ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನವೂ ಬಾಳಲಾರ. ಇದು ನಾನು ಕೊಟ್ಟೂರಿನಲ್ಲಿ ಕಲಿತ ವಿದ್ಯೆ. ಮೊದಲು ಅಲ್ಲಿ ಶೇಂಗಾ ಪೊಟ್ಟಣ ಮಾರುತ್ತಿದ್ದೆ, ಆಮೇಲೆ ಖಾಸಗಿ ಬಸ್ಸುಗಳ ಏಜೆಂಟನಾದೆ. ಏಜೆಂಟ ಎಂದರೆ ಕುರ್ಚಿ ಮೇಜಿನ ಹುದ್ದೆಯಲ್ಲ. ಬಾಗಿಲ ಬಳಿ ನಿಂತು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಗಂಟಲು ಹರಿಯುವಂತೆ ಕೂಗಬೇಕು, ಜನರನ್ನು ತುಂಬಿಸಬೇಕು, ಚಹಾದಂಗಡಿಯಿಂದ ಡ್ರೈವರನ್ನು ಎಬ್ಬಿಸಿಕೊಂಡು ಬರಬೇಕು. ನನಗೆ ಬಂಡವಾಳ ಇರಲಿಲ್ಲ, ಓದೂ ಅಷ್ಟಕ್ಕಷ್ಟೇ. ಇದ್ದದ್ದು ಬಾಯಿ ಒಂದೇ. ಬಾಯಿ ಇದ್ದವನು ಮಾತು ಹೇಗೆ ಕೊಡಬೇಕು ಎಂಬುದನ್ನೂ ಕಲಿಯಬೇಕಾಗುತ್ತದೆ. ಅದನ್ನು ಪಕ್ಕದ ಊರು ಉಜ್ಜಿನಿಯ ಒಬ್ಬ ಮುದುಕಿ ನನಗೆ ಕಲಿಸಿದಳು.

ನಮ್ಮ ಕಡೆ ಸೀಟು ಹಿಡಿಯುವುದು ಟವೆಲ್ಲಿನಿಂದ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಟವೆಲ್ ಎಸೆದರೆ ಆ ಸೀಟು ಅವನದು. ಅದರ ಮೇಲೆ ಇನ್ನೊಬ್ಬ ಕೂರುವುದಿಲ್ಲ, ಕೂತರೆ ಇಡೀ ಬಸ್ಸು ಅವನನ್ನು ಬಯ್ಯುತ್ತದೆ. ಕಂಡಕ್ಟರನ ಮಾತಿಗಿಂತ ಟವೆಲ್ಲಿನ ಮಾತು ನಡೆಯುತ್ತಿದ್ದ ಕಾಲ ಅದು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ ಕೊಟ್ಟೂರಿನ ಕಾಲೇಜು ಮೈದಾನಕ್ಕೆ ದೊಡ್ಡ ಆರ್ಕೆಸ್ಟ್ರಾ ಬರುವುದೆಂದಾಯಿತು. ರಾತ್ರಿ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಮಧ್ಯಾಹ್ನ ಊಟದ ಹೊತ್ತಿಗೆ ಶುರು, ಹೊತ್ತು ಇಳಿಯುವಾಗ ಮುಕ್ತಾಯ. ಸುತ್ತಲಿನ ಅಷ್ಟೂ ಊರುಗಳ ಜನ ಬರುವವರಿದ್ದರು. ಬಸ್ಸಿನ ಮಾಲಕರು ನನ್ನನ್ನು ಕರೆದು, ಜನರನ್ನು ತಿರುಗಿ ಅವರವರ ಊರಿಗೆ ಮುಟ್ಟಿಸುವ ಜವಾಬ್ದಾರಿ ನಿನ್ನದು ಎಂದರು. ನನಗೆ ಎದೆ ಉಬ್ಬಿತು. ಆ ಉಬ್ಬಿದ ಎದೆಯಲ್ಲೇ ಅಕ್ಕನ ಮನೆಗೆ, ಉಜ್ಜಿನಿಗೆ ಹೋದೆ.

ಅಕ್ಕನಿಗೆ ಕೊಟ್ಟೂರಿನ ಹೊಲಿಗೆ ಕ್ಲಾಸಿಗೆ ಸೇರುವ ಆಸೆ ಬಹಳ ದಿನದ್ದು. ಅವಳ ಅತ್ತೆ ಬಿಟ್ಟಿರಲಿಲ್ಲ. ಆಕೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ನನ್ನನ್ನು ಕಂಡ ಕೂಡಲೇ, “ಬರ್ರಿ ಏಜೆಂಟ್ರ. ಇವತ್ತು ನನ್ನ ಯಾವ ಬಸ್ಸಿಗೆ ಹತ್ತಸಾಕ ಬಂದೀರಿ?” ಎಂದಳು.

“ನಿಮ್ಮನ್ನಲ್ರಿ ಅವ್ವಾರ, ಅಕ್ಕನ್ನ. ಆರ್ಕೆಸ್ಟ್ರಾಕ್ಕ ಕಳಸ್ರಿ. ಓಣಿ ಹೆಣ್ಮಕ್ಕಳೆಲ್ಲಾ ಬರ್ತಾರಂತ.”

“ಹಾಡು ಕೇಳಿದ್ರ ಕಿವಿ ಏನೂ ಹರಿಯಂಗಿಲ್ಲ. ಹೊಲಿಗಿ ಕಲತ್ರೂ ನಂದೇನು ತಕರಾರಿಲ್ಲ. ನಾ ನಂಬದೇ ಇರೂದು ನಿಮ್ಮ ಬಸ್ಸು. ಬೆಳಿಗ್ಗೆ ಹೋತಂದ್ರ ಯಾವಾಗ ಬರತೈತಿ ಅನ್ನೂದು ಆ ಡ್ರೈವರಗೂ ಗೊತ್ತಿಲ್ಲ.”

ಬಸ್ಸಿನ ಮೇಲೆ ಮಾತು ಬಂದರೆ ನಾನು ಸುಮ್ಮನಿರುವವನೇ ಅಲ್ಲ. “ಹಂಗಾರ ಒಂದು ಮಾತಾಡೂಣು. ಆವತ್ತಿನ ಗದ್ದಲದಾಗ ಅಕ್ಕನ್ನ ನೀವು ದೀಪ ಹಚ್ಚೂದ್ರೊಳಗ ಮನಿಗೆ ತಂದು ಬಿಡ್ತೀನಿ. ಬಿಟ್ಟೆ ಅಂದ್ರ ಆಕಿನ್ನ ದಿನಾ ಹೊಲಿಗಿ ಕ್ಲಾಸಿಗೆ ಕಳಸಬೇಕು.”

“ಬಿಡಲಿಲ್ಲಂದ್ರ?”

“ಮತ್ತ ಆ ಮಾತು ಎತ್ತಂಗಿಲ್ಲ.”

ಬಾಗಿಲ ಹಿಂದೆ ಅಕ್ಕ ಹಣೆ ಚಚ್ಚಿಕೊಂಡ ಸದ್ದು ನನಗೆ ಕೇಳಿಸಿತು. ಮುದುಕಿ ಮೊರ ಪಕ್ಕಕ್ಕಿಟ್ಟು, “ನಾ ದೀಪ ಹಚ್ಚೂದ್ರೊಳಗ. ಗಟ್ಟಿ?” ಎಂದಳು. “ಗಟ್ಟಿ,” ಎಂದೆ. ಊರ ಬಾಗಿಲವರೆಗೂ ಅಕ್ಕ ಬಯ್ಯುತ್ತಲೇ ಬಂದಳು: “ಲೇ, ಆ ಕ್ಲಾಸು ನಂದು. ನಿನ್ನ ಶೇಂಗಾ ಪೊಟ್ಟಣ ಅಂತ ಮಾಡೀ ಏನು, ಮುಂದ ಹಿಡಿದು ಚೌಕಾಸಿ ಮಾಡಾಕ!”

ಆ ದಿನ ಬಂತು. ಬಸ್ಸುಗಳನ್ನು ಮೈದಾನದ ಬಾಗಿಲ ಮುಂದೆ ನಿಲ್ಲಿಸಲು ನಾನು ಬಿಡಲಿಲ್ಲ. ಜನ ಹೊರಬರುವಲ್ಲೇ ಬಸ್ಸು ನಿಂತರೆ ಎರಡೂ ಅಲ್ಲಾಡುವುದಿಲ್ಲ. ಒಂದು ಕೂಗಿನಷ್ಟು ದೂರದಲ್ಲಿ, ರಸ್ತೆಯ ಬದಿಗೆ, ಪ್ರತಿ ಬಸ್ಸಿನ ಮೂತಿಯೂ ಅದರ ಊರಿನ ಕಡೆಗೆ ಇರುವಂತೆ ನಿಲ್ಲಿಸಿದೆ. ಮದುವೆ ಮನೆಯಲ್ಲಿ ನೂರಾರು ಗಾಡಿ ನಿಲ್ಲಿಸುವವರೂ ಇದನ್ನು ಗಮನಿಸಿ: ಬಂದಾಗ ತಿರುಗಿಸಿಟ್ಟರೆ ಹೋಗುವಾಗ ಬೈಗುಳ ತಪ್ಪುತ್ತದೆ.

ಹಾಡು ಕೇಳಲು ಬಂದವರು ಮೊದಲು ಮಾಡಿದ ಕೆಲಸ ತಿರುಗಿ ಹೋಗುವ ಬಸ್ಸಿಗೆ ಟವೆಲ್ ಹಾಕಿದ್ದು. ಬಿಳಿಯವು, ಹಸಿರು ಗೆರೆಯವು, ಚೌಕಳಿಯವು. ಹರಪನಹಳ್ಳಿ ಬಸ್ಸಿನ ಮುಂದಿನ ಸೀಟಿಗೆ ಒಂದು ದೊಡ್ಡ ಕೆಂಪು ಟವೆಲ್ ಬಿತ್ತು. ಅದು ಆ ದಾರಿಯ ನೀಲಗುಂದದ ಒಬ್ಬ ಹಿರಿಯರದು, ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ. ಎಲ್ಲರೂ ನಿಶ್ಚಿಂತೆಯಿಂದ ಮೈದಾನದೊಳಗೆ ಹೋದರು. ಅಕ್ಕ ಮತ್ತು ಅವಳ ಓಣಿಯ ಹೆಂಗಸರು ಗೋಡೆಯ ಬದಿಗೆ ಕೂತರು. ಅವರ ಬಳಿ ಟವೆಲ್ ಇರಲಿಲ್ಲ, ನನ್ನ ಮಾತು ಇತ್ತು.

ಹಾಡು ಅರ್ಧ ಮುಗಿದಿರಬೇಕು, ಹರಪನಹಳ್ಳಿ ಬಸ್ಸಿನ ಡ್ರೈವರ್ ಚಾಚಾ ಕೈಯೊರೆಸುತ್ತ ಬಂದರು. ಕೊಟ್ಟೂರಿನವರೇ, ಅರ್ಧ ಮೆಕಾನಿಕ್ಕು.

“ಏಜೆಂಟ್ ಸಾಬ್, ಗಾಡಿ ಸೆಲ್ಫ್ ಹೊಡೀವಲ್ದು. ಬ್ಯಾಟ್ರಿ ಕುಂತೈತಿ. ಹರಪನಹಳ್ಳಿ ದಾರಿ ತುಂಬಾ ಹಳ್ಳಿಗೊಂದು ಸ್ಟಾಪು, ಎಲ್ಲ್ಯಾರ ಬಂದ್ ಬಿತ್ತಂದ್ರ ತಳ್ಳಾಕ ಯಾರನ್ನ ಹುಡುಕಲಿ? ಉಜ್ಜಿನಿಗೆ ಹಾಕ್ರಿ, ಆ ದಾರ್ಯಾಗ ನಡುವ ಸ್ಟಾಪಿಲ್ಲ. ಇಲ್ಲೇ ಒಮ್ಮಿ ತಳ್ಳಿ ಕೊಡ್ರಿ, ಬಂದ್ ಮಾಡದಂಗ ಮುಟ್ಟಸ್ತೀನಿ.”

ಮಾತು ಸರಿಯಾಗಿತ್ತು. ಎರಡೂ ಬಸ್ಸುಗಳ ತಗಡಿನ ಬೋರ್ಡ್ ಬಿಚ್ಚಿ ಅದಲುಬದಲು ಕಟ್ಟಿದೆವು, ಬಸ್ಸುಗಳ ಜಾಗವನ್ನೂ ಬದಲಿಸಿದೆವು. ಕೆಟ್ಟ ಬಸ್ಸನ್ನು ನಾವೇ ತಳ್ಳಿ ಇಳಿಜಾರಿಗೆ ತಂದೆವು. ಒಳಗಿದ್ದ ಟವೆಲ್ಲುಗಳ ನೆನಪು ಯಾರಿಗೂ ಆಗಲಿಲ್ಲ.

ನೆನಪಾದದ್ದು ಕೊನೆಯ ಹಾಡಿನ ಹೊತ್ತಿಗೆ, ಜಾಣರು ನಾಲ್ಕಾರು ಜನ ಮುಂಚೆಯೇ ಎದ್ದು ಬಂದಾಗ. ನೀಲಗುಂದದ ಹಿರಿಯರು ನೆಟ್ಟಗೆ ಹೋಗಿ ಉಜ್ಜಿನಿ ಬಸ್ಸು ಹತ್ತಿ ತಮ್ಮ ಕೆಂಪು ಟವೆಲ್ಲಿನ ಮೇಲೆ ಕೂತರು.

“ಯಜಮಾನ್ರ, ಇದು ಉಜ್ಜಿನಿಗೆ ಹೋಗ್ತೈತ್ರಿ,” ಎಂದೆ.

“ಹೆಂಗೆ ಹೋಗ್ತತಿ? ನಾನು ಹರಪನಹಳ್ಳಿ ಬಸ್ಸಿಗೆ ಟವೆಲ್ ಹಾಕೀನಿ.”

“ಬೋರ್ಡ್ ನೋಡ್ರಿ ಬೇಕಾದ್ರ.”

“ಬೋರ್ಡು ನೀವು ಕಟ್ಟಿದ್ದು, ಟವೆಲ್ಲು ನಾನು ಹಾಕಿದ್ದು. ಬೋರ್ಡು ಸುಳ್ಳು ಹೇಳಬೋದು, ನನ್ನ ಟವೆಲ್ ಹೇಳಂಗಿಲ್ಲ.”

ಅತ್ತ ಹರಪನಹಳ್ಳಿಯ ಬೋರ್ಡಿದ್ದ ಬಸ್ಸಿನಲ್ಲಿ ಉಜ್ಜಿನಿಯ ಗಂಡಸೊಬ್ಬ ಇದೇ ವಾದ ಹೂಡಿ ಕೂತಿದ್ದ. ಬೇವಿನ ಮರದ ಕೆಳಗೆ ಅಕ್ಕ ಮತ್ತು ಹೆಂಗಸರು ಬಂದು ನಿಂತಿದ್ದರು. ಹೊತ್ತು ಪಡುವಣಕ್ಕೆ ಇಳಿಯುತ್ತಿತ್ತು. ಅಕ್ಕ ಸೂರ್ಯನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಮೈದಾನ ತುಂಬ ಇರುವ ಜನ ಈಗ ಒಮ್ಮೆಲೇ ಹೊರಬಂದು, ಎರಡು ಬಸ್ಸಿನ ಮಂದಿ ತಮ್ಮ ತಮ್ಮ ಟವೆಲ್ ಹಿಡಿದು ಕೂತರೆ, ಅವರನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಉಜ್ಜಿನಿಯ ದೀಪ ಹಚ್ಚಿ ಎಣ್ಣೆಯೂ ತೀರಿರುತ್ತದೆ.

ಜನರನ್ನು ತಡೆಯಬೇಕು, ಜನ ನನ್ನ ಮಾತಿಗೆ ನಿಲ್ಲುವುದಿಲ್ಲ, ಹಾಡಿಗೆ ನಿಲ್ಲುತ್ತಾರೆ. ವೇದಿಕೆಯ ಹಿಂದೆ ಓಡಿದೆ. ಆರ್ಕೆಸ್ಟ್ರಾದ ಮ್ಯಾನೇಜರು ತಬಲಾಕ್ಕೆ ಬಟ್ಟೆ ಸುತ್ತಿಸುತ್ತಿದ್ದರು.

“ಸಾರ್, ಇನ್ನೆರಡು ಹಾಡು ಹೇಳಸ್ರಿ.”

“ಆಗಲ್ಲ ಕಣ್ರೀ. ದಾವಣಗೆರೆ ತಲುಪಬೇಕು ನಾವು. ಈ ಜನ ಹೊರಗೆ ಬಂದರೆ ನಮ್ಮ ವ್ಯಾನು ಇಲ್ಲೇ ಹೂತುಹೋಗುತ್ತೆ.”

ಎದುರಿನವನು ತನ್ನ ಭಯವನ್ನು ತಾನೇ ಬಾಯಿ ಬಿಟ್ಟು ಹೇಳಿದರೆ ಅಲ್ಲಿಗೆ ಚೌಕಾಸಿ ಅರ್ಧ ಮುಗಿದಂತೆ. “ಅದಕ್ಕ ಹೇಳಾಕ ಬಂದೀನ್ರಿ,” ಎಂದೆ. “ಎರಡು ಹಾಡು ಕೊಡ್ರಿ, ನಿಮ್ಮ ವ್ಯಾನ್ ಎಲ್ಲಾ ಬಸ್ಸಿಗಿಂತ ಮುಂದ ಬಿಡ್ತೀನಿ. ದಾರಿಗೆ ಬಿಸಿ ಮಿರ್ಚಿ, ಮಂಡಕ್ಕಿ ನಮ್ಮ ಕಡಿಂದ.”

“ಮಿರ್ಚಿ ಬಿಸಿ ಇರುತ್ತಾ?”

“ಬಾಣಲಿ ಸಮೇತ ತರಸ್ಲೇನ್ರಿ?”

ಅವರು ನಕ್ಕರು. ಮೈಕಿನಲ್ಲಿ ‘ನಿಮ್ಮ ಅಭಿಮಾನಕ್ಕೆ ಇನ್ನೆರಡು ಗೀತೆ’ ಎಂದು ಕೂಗಿದ್ದೇ ತಡ, ಎದ್ದವರೆಲ್ಲ ಕೂತರು, ಸಿಳ್ಳೆ ಆಕಾಶಕ್ಕೆ ಏರಿತು.

ಆ ಎರಡು ಹಾಡಿನೊಳಗೆ ನಾನು, ಚಾಚಾ, ಕಂಡಕ್ಟರ್ ಮೂವರೂ ಸೇರಿ ಎರಡೂ ಬಸ್ಸಿನ ಟವೆಲ್ಲುಗಳನ್ನು ಬಾಚಿ ತೆಗೆದೆವು. ಹರಪನಹಳ್ಳಿಯವರ ಟವೆಲ್ಲುಗಳನ್ನು ಈಗಿನ ಹರಪನಹಳ್ಳಿ ಬಸ್ಸಿಗೆ ತಂದು, ಆಯಾ ಸೀಟಿನ ಕಿಟಕಿಗೇ ಸಿಕ್ಕಿಸಿ ಅರ್ಧ ಹೊರಗೆ ಇಳಿಬಿಟ್ಟೆವು. ಉಜ್ಜಿನಿಯವರದು ಉಜ್ಜಿನಿ ಬಸ್ಸಿಗೆ, ಹಿಂದಿನ ಸಾಲುಗಳಿಗೆ; ವಾದ ಹೂಡಿದ್ದ ಗಂಡಸೂ ತನ್ನ ಟವೆಲ್ಲಿನ ಹಿಂದೆಯೇ ಎದ್ದು ಬಂದ. ಮುಂದಿನ ಸಾಲುಗಳನ್ನು ಹೆಂಗಸರಿಗೆ ಬಿಟ್ಟೆವು. ದೂರದಿಂದ ನೋಡಿದರೆ ಎರಡೂ ಬಸ್ಸುಗಳು ಮಡಿವಾಳರ ಹಗ್ಗದ ಹಾಗೆ ಕಾಣುತ್ತಿದ್ದವು.

ಉಳಿದದ್ದು ಕೆಂಪು ಟವೆಲ್ ಒಂದೇ, ಯಾಕೆಂದರೆ ಅದರ ಮೇಲೆ ಯಜಮಾನರು ಕೂತಿದ್ದರು.

“ಏಳ್ರಿ ಯಜಮಾನ್ರ. ಆ ಬಸ್ಸಿನಾಗ ಡ್ರೈವರ್ ಪಕ್ಕದ ಸೀಟು ನಿಮಗ. ಗಾಳಿ ನೆಟ್ಟಗ ಮಾರಿಗೆ ಬಡೀತೈತಿ, ದಾರಿ ಪೂರಾ ಕಾಣಸ್ತೈತಿ.”

ಅವರು ಯೋಚಿಸಿದರು. “ನೋಡಿ ಬರ್ತೀನಿ. ಟವೆಲ್ ಮಾತ್ರ ಇಲ್ಲೇ ಇರ್‍ಲಿ. ಆ ಸೀಟು ಸುಳ್ಳಾದ್ರೆ ಈ ಸೀಟು ಕೈ ಬಿಡಬಾರ್ದು.” ಹೀಗೆ ಹೇಳಿ ಇಳಿದು ಹೋದರು. ನನಗೆ ಅವರ ಮೇಲೆ ಗೌರವ ಬಂತು.

ಕೊಟ್ಟ ಮಾತಿನಂತೆ ವ್ಯಾನನ್ನು ಮಿರ್ಚಿ ಸಮೇತ ಎಲ್ಲ ಬಸ್ಸಿಗಿಂತ ಮುಂದೆ ರಸ್ತೆಗೆ ತಂದು ನಿಲ್ಲಿಸಿದೆ. ಹಾಡು ಮುಗಿಯಿತು, ಮೈದಾನದ ಬಾಗಿಲು ಜನರನ್ನು ಕಕ್ಕಿತು. ನಾನು ಬಸ್ಸಿನ ಏಣಿ ಹತ್ತಿ ನಿಂತು ಒಂದೇ ಮಾತು ಕೂಗಿದೆ: “ಊರು ನೋಡಬ್ಯಾಡ್ರಿ, ಟವೆಲ್ ನೋಡ್ರಿ! ನಿಮ್ಮ ಟವೆಲ್ ಎಲ್ಲೈತೋ ನಿಮ್ಮ ಬಸ್ಸು ಅಲ್ಲೈತಿ!”

ನಂಬಿ, ಗದ್ದಲವೇ ಆಗಲಿಲ್ಲ. ‘ಅಗೋ, ನನ್ನ ಹಸಿರು ಗೆರಿದು’, ‘ಲೇ, ನಮ್ಮಪ್ಪಂದು ಅಲ್ಲಿ ತೂಗಾಡಾಕತ್ತೈತಿ’ ಎನ್ನುತ್ತ ಜನ ಹೊಳೆ ಎರಡು ಕವಲಾದ ಹಾಗೆ ಒಡೆದು ತಮ್ಮ ತಮ್ಮ ಬಸ್ಸಿಗೆ ಹೋದರು. ಕೂಡ್ಲಿಗಿ, ಹಡಗಲಿಯ ಬಸ್ಸುಗಳವರೂ ಇದನ್ನು ಕಂಡು ತಮ್ಮ ಟವೆಲ್ಲುಗಳನ್ನು ಕಿಟಕಿಯ ಹೊರಗೆ ಎಳೆದುಬಿಟ್ಟರು. ಯಾವ ಪೊಲೀಸ್ ಲಾಠಿಯೂ ಮಾಡದ ಕೆಲಸವನ್ನು ಬಟ್ಟೆ ತುಂಡುಗಳು ಮಾಡಿದವು. ಗುಂಪು ಸಂಭಾಳಿಸುವ ಕೆಲಸ ಯಾರಿಗಾದರೂ ಬಂದರೆ ನನ್ನ ಮಾತು ನೆನಪಿಡಿ: ಜನರನ್ನು ತಳ್ಳಬೇಡಿ, ಅವರದೇ ವಸ್ತುವನ್ನು ಮುಂದೆ ಹಿಡಿಯಿರಿ, ತಾವಾಗಿ ಬರುತ್ತಾರೆ.

ತಳ್ಳಬೇಕಾದದ್ದು ಉಜ್ಜಿನಿ ಬಸ್ಸನ್ನು. ಹೆಂಗಸರು ಹತ್ತಿ ಕೂತರು, ಚಾಚಾ ಸ್ಟೇರಿಂಗ್ ಹಿಡಿದರು. ಹರಪನಹಳ್ಳಿ ಬಸ್ಸಿನಲ್ಲಿ ಡ್ರೈವರ್ ಪಕ್ಕ ಠೀವಿಯಿಂದ ಕೂತಿದ್ದ ಯಜಮಾನರು ತಾವೇ ಇಳಿದು ಬಂದರು. “ಅಕ್ಕತಂಗೇರು ಕುಂತಾರೆ, ಬರ್ರೋ, ಒಂದು ಕೈ ಹಚ್ರೋ,” ಎಂದು ತಮ್ಮ ಕಡೆಯ ಗಂಡಸರನ್ನೆಲ್ಲ ಇಳಿಸಿದರು. ‘ಐಸಾ’ ಎಂದು ತಳ್ಳಿದರು ನೋಡಿ, ಬಸ್ಸು ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ಗುರ್ರೆಂದು ಹೊರಟೇ ಹೋಯಿತು. ನಾನು ಓಡಿ ಬಾಗಿಲು ಹಿಡಿದೆ. ಹಿಂದಿನಿಂದ ದಪ್ಪ ದನಿ ಕೇಳಿತು: “ಏ ನಿಲ್ಸೋ! ನನ್ನ ಟವೆಲ್!”

ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಮತ್ತೆ ತಳ್ಳಬೇಕು.

ದಾರಿಯುದ್ದಕ್ಕೂ ಹೆಂಗಸರು ಕೇಳಿದ ಹಾಡನ್ನೆಲ್ಲ ಹಾಡಿದರು, ಗೊತ್ತಿಲ್ಲದ ಕಡೆ ತಮ್ಮ ಮಾತು ಸೇರಿಸಿದರು. ಚಾಚಾ ಹಾರ್ನಿನಿಂದ ತಾಳ ಹಾಕಿದರು. ಅಕ್ಕನೂ ಹಾಡುತ್ತಿದ್ದಳು, ಆದರೆ ಅವಳ ಕಣ್ಣು ಕಿಟಕಿಯ ಹೊರಗಿತ್ತು. ಹೊಲಗಳ ಮೇಲಿನ ಕೆಂಪು ಕರಗಿತು. ಉಜ್ಜಿನಿ ಹತ್ತಿರ ಬಂದಾಗ ಮೊದಲ ಮನೆಯಲ್ಲಿ ದೀಪ ಕಂಡಿತು, ಎರಡನೆಯದರಲ್ಲೂ ಕಂಡಿತು. ಅಕ್ಕ ಹಾಡು ನಿಲ್ಲಿಸಿದಳು. ಎರಡು ಹಾಡಿನಷ್ಟು ತಡವಾಗಿತ್ತು, ಆ ಎರಡು ಹಾಡನ್ನು ಕೇಳಿ ಪಡೆದವನೂ ನಾನೇ.

ಇಳಿದು ಓಣಿಗೆ ಬಂದೆವು. ಎಲ್ಲ ಮನೆಗಳಲ್ಲೂ ಬೆಳಕು, ಅಕ್ಕನ ಮನೆ ಒಂದೇ ಕತ್ತಲು. ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹತ್ತಿರ ಹೋದರೆ ಅತ್ತೆ: ಮುಂದೆ ಎಣ್ಣೆ ತುಂಬಿದ ಹಣತೆ, ಕೈಯಲ್ಲಿ ಕಡ್ಡಿಪೆಟ್ಟಿಗೆ.

“ಬಂದ್ರ್ಯಾ?” ಎಂದಳು. “ಕಡ್ಡಿ ಗೀರಬೇಕಂತ ಎಷ್ಟೊತ್ತಿಂದ ಕುಂತೀನಿ, ಕೈ ಸೋತು ಬಂತು.”

“ಅವ್ವಾರ, ಹೊತ್ತು ಮುಳಿಗೈತಲ್ರಿ...” ಎಂದೆ.

“ಹೊತ್ತಿನ ಮಾತು ಯಾರು ಆಡಿದ್ರು? ನಾ ದೀಪ ಹಚ್ಚೂದ್ರೊಳಗ ಅಂತ ಆಗಿತ್ತು. ನಾ ಇನ್ನೂ ಹಚ್ಚಿಲ್ಲ. ಏಜೆಂಟ್ರು ಅಂತೀರಿ, ಆಡಿದ ಮಾತು ನೆನಪಿಡಾಂಗಿಲ್ಲೇನು?” ಎಂದು ಕಡ್ಡಿ ಗೀರಿದಳು. ಆ ಬೆಳಕಿನಲ್ಲಿ ಅವಳ ನಗು ಕಂಡಿತು. ಆಮೇಲೆ ಅಕ್ಕನ ಕಡೆ ತಿರುಗಿ, “ಸೋಮವಾರದಿಂದ ಹೋಗು. ಮೊದ್ಲ ಒಳಗ ಬಾ, ಯಾವ ಯಾವ ಹಾಡು ಹೇಳಿದ್ರು ಎಲ್ಲಾ ಹೇಳು. ಒಂದೂ ಬಿಡಬ್ಯಾಡ,” ಎಂದಳು. ಅಕ್ಕ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಹಣತೆ ಅಲುಗಾಡಿ ಮುದುಕಿ ಬೈದಳು.

ಕೊಟ್ಟ ಮಾತಿನಲ್ಲಿ ಎದುರಿನವರಿಗಾಗಿ ಒಂದು ಬಾಗಿಲು ತೆರೆದಿಡಬಹುದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಎಷ್ಟೋ ವ್ಯವಹಾರದಲ್ಲಿ ಅದನ್ನು ಬಳಸಿದ್ದೇನೆ, ನಷ್ಟವಾಗಿಲ್ಲ.

ಬಸ್ಸಿನಿಂದ ಇಳಿಯುವಾಗ ಅಕ್ಕ ಎತ್ತಿಕೊಂಡು ಬಂದಿದ್ದ ಕೆಂಪು ಟವೆಲ್ ಅವಳ ಮನೆಯಲ್ಲೇ ಉಳಿದಿತ್ತು. ಅದರ ಅಂಚು ಎಳೆ ಬಿಟ್ಟಿತ್ತು. ಕ್ಲಾಸಿನಲ್ಲಿ ಅಂಚು ಮಡಚಿ ಹೊಲಿಯುವುದನ್ನು ಕಲಿಸಿದ ದಿನ ಅವಳು ಮೊದಲು ಹೊಲಿದದ್ದು ಅದನ್ನೇ. ಹೊಲಿಗೆ ಅಲ್ಲಲ್ಲಿ ಹಾವಿನಂತೆ ಹರಿದಿತ್ತು. ನೀಲಗುಂದದ ಯಜಮಾನರು ಕೊಟ್ಟೂರಿನ ಸಂತೆಗೆ ಬಂದಾಗ ಕೊಟ್ಟೆ. ತಿರುವಿ ತಿರುವಿ ನೋಡಿದರು.

“ಉಜ್ಜಿನಿಗೆ ಹೋಗಿ ಅಂಚು ಹೊಲಿಸ್ಕೊಂಡು ಬಂದತಲ್ಲಪ್ಪ ಇದು! ನನ್ನ ಧೋತರಾನೂ ಒಂದು ಹಾಕಿ ಕಳಿಸಬೇಕಾಗಿತ್ತು,” ಎಂದರು.

ಅಷ್ಟರಲ್ಲಿ ಹರಪನಹಳ್ಳಿ ಬಸ್ಸು ಬಂದು ನಿಂತಿತು. ಅವರು ಟವೆಲ್ ಮಡಚಿ ಕಿಟಕಿಗೆ ಎಸೆಯಲು ಕೈಯೆತ್ತಿದವರು ತಡೆದು, ಬಸ್ಸಿನ ಮುಂದಕ್ಕೆ ಹೋಗಿ, ತಗಡಿನ ಬೋರ್ಡನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದರು. ಅದು ಅಲುಗಲಿಲ್ಲ. ಆಮೇಲೆ ಎಸೆದರು.